ನಿನ್ನ ‘ನಾನು’ ಆಗ ಎಲ್ಲಿದ್ದಳು?

ತಾರೀಖು ೪, ಮಂಗಳವಾರ
ಪ್ರೆಸ್ಸಿನಿಂದ, ಊಟದ ಬಿಡುವಿನಲ್ಲಿ

ಪ್ರೀತಿಯ ಚಿನಕುರಳಿಗೆ,

ನೀನು ಚೆನ್ನಾಗಿದ್ದೀಯ ಎಂದು ಗೊತ್ತು. ನಿನ್ನೆ ತಾನೇ ಫೋನಿನಲ್ಲಿ ಮುಕ್ಕಾಲು ಗಂಟೆ ನಕ್ಕಿದ್ದೀಯ. ಅದಕ್ಕೇ ಈ ಕಾಗದ. ಫೋನಿನಲ್ಲಿ ಏನು ಕೇಳಿದರೂ ನೀನು ಮಾತು ತೇಲಿಸಿಬಿಡುತ್ತೀಯ. ನಿನ್ನ ಕಾದಂಬರಿಯ ಹದಿನಾಲ್ಕನೆಯ ಅಧ್ಯಾಯದ ವಿಷಯ ಎತ್ತಿದೆ. ನೀನು ನಿಮ್ಮ ಶಾಲೆಯ ಹೆಡ್‌ಮಾಸ್ಟರ ವಿಗ್ಗು ಗಾಳಿಗೆ ಹಾರಿದ ಕಥೆ ಹೇಳಿದೆ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಫೋನಿಟ್ಟ ಮೇಲೆ ನೋಡಿದರೆ ನನ್ನ ಪ್ರಶ್ನೆ ಇಟ್ಟಲ್ಲೇ ಇತ್ತು. ಕಾಗದದಲ್ಲಿ ಬರೆ. ಕಾಗದದಲ್ಲೂ ಹೊಡೆದು ತಿದ್ದಬಹುದು, ಆದರೆ ತಿದ್ದಿದ್ದು ಕಾಣುತ್ತದೆ. ಇಪ್ಪತ್ತೆಂಟು ವರ್ಷ ಕರಡು ತಿದ್ದಿದವಳಿಗೆ ಅಷ್ಟು ಸಾಕು.

ನಮ್ಮಲ್ಲಿ ಕರಡು ತಿದ್ದುವುದು ಇಬ್ಬರ ಕೆಲಸ ಎಂದು ನಿನಗೆ ಗೊತ್ತಲ್ಲ. ಒಬ್ಬರು ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಚಿಹ್ನೆಗಳನ್ನೂ ಬಿಡದೆ. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಗುರುತು ಹಾಕಬೇಕು. ನನ್ನ ಎದುರು ಕೂತು ಓದುವ ಹಿರಿಯರಿಗೆ ಪ್ರೆಸ್ಸಿನವರೆಲ್ಲ ಸೇರಿ ಇಟ್ಟಿರುವ ಹೆಸರು ‘ಅಲ್ಪವಿರಾಮ’. ಕಥೆಯಾಗಲಿ, ರೈಲಿನ ವೇಳಾಪಟ್ಟಿಯಾಗಲಿ, ಅವರ ಧ್ವನಿ ಒಂದೇ. ನಿನ್ನೆ ಬೆಳಿಗ್ಗೆ ಆ ಧ್ವನಿಯಲ್ಲೇ ನಿನ್ನ ಅಧ್ಯಾಯ ಓದಿದರು: ‘ಡಾಕ್ಟರ ಮಗಳ ಮದುವೆಯ ಆರೂ ರೋಲುಗಳು ಕಪ್ಪಾಗಿದ್ದವು ಪೂರ್ಣವಿರಾಮ ಅಕ್ಕ ಡಾರ್ಕ್‌ರೂಮಿಗೆ ಬೀಗ ಹಾಕುವುದನ್ನು ಮರೆತಿದ್ದಳು ಪೂರ್ಣವಿರಾಮ.’ ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, “ಈ ಅಕ್ಕ ಅನ್ನೋಳು ಎಂಥಾ ಬೇಜವಾಬ್ದಾರಿ ಹೆಂಗಸು ನೋಡಿ ಮೇಡಂ,” ಅಂದರು. ನಾನು ಹೌದು ಎಂದೆ. ಪೆನ್ಸಿಲ್ ಮೊಂಡಾಗಿದೆ ಎಂದು ನೆಪ ಹೇಳಿ ಎದ್ದುಹೋದೆ.

ಇದು ನಮ್ಮ ಅಪ್ಪನ ಸ್ಟುಡಿಯೋ ಅಲ್ಲ, ಎಲ್ಲ ಕಲ್ಪನೆ ಎಂದು ನೀನು ಮೊದಲಿನಿಂದ ಹೇಳಿಕೊಂಡು ಬಂದಿದ್ದೀಯ. ಸರಿ, ಕಲ್ಪನೆಯೇ ಇರಲಿ. ನಿನ್ನ ಕಲ್ಪನೆಯಲ್ಲೂ ಮನೆಯ ಕೆಳಗೇ ಫೋಟೋ ಸ್ಟುಡಿಯೋ, ಮೆಟ್ಟಿಲ ಅಡಿಯಲ್ಲಿ ಡಾರ್ಕ್‌ರೂಮು, ಅಪ್ಪನ ಕೆಲಸ ಕಲಿಯುವ ಹದಿನೇಳರ ಅಕ್ಕ, ಎಲ್ಲವನ್ನೂ ‘ನಾನು’ ಎಂದು ಹೇಳುವ ಹನ್ನೊಂದರ ತಂಗಿ. ಅಪ್ಪ ತೀರಿಕೊಂಡು ಎರಡು ವರ್ಷವಾಗಿದೆ, ಬರೆದುಕೋ ಎಂದು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ತಪ್ಪಾಯಿತೇನೋ.

ಮೊದಲನೆಯ ಪ್ರತಿ ನನ್ನ ಹತ್ತಿರ ಇದೆ. ಅದರಲ್ಲಿ ಬಾಗಿಲು ತೆರೆದವಳು ‘ನಾನು’. ಕಳೆದುಹೋದ ಪೆನ್ನು ಹುಡುಕುತ್ತಾ ಡಾರ್ಕ್‌ರೂಮಿನ ಬಾಗಿಲು ನೂಕುತ್ತಾಳೆ, ಬೆಳಕು ಒಳಗೆ ಹೋಗುತ್ತದೆ, ರೋಲುಗಳು ಹಾಳಾಗುತ್ತವೆ, ಹೆದರಿ ಬಾಯಿ ಬಿಡುವುದಿಲ್ಲ. ಓದಿದ ದಿನ ನನಗೆ ಎದೆ ಹಗುರಾಗಿತ್ತು; ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಈ ಹೊಸ ತಿದ್ದುಪಡಿಯಲ್ಲಿ ‘ನಾನು’ ಮನೆಯಲ್ಲೇ ಇಲ್ಲ, ಟ್ಯೂಷನ್ನಿಗೆ ಹೋಗಿದ್ದಾಳೆ. ತಪ್ಪು ಅಕ್ಕನ ತಲೆಗೆ ಬಂದಿದೆ. ನಡುವೆ ಏನಾಯಿತು?

ನಮ್ಮ ಮನೆಯಲ್ಲಿ ನಡೆದದ್ದು ನಿನಗೆ ನೆನಪಿಸಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ಬಾಯಿಂದ ಬಾಯಿಗೆ ಬಂದದ್ದನ್ನು ಒಂದು ಸಲವಾದರೂ ಕಾಗದದ ಮೇಲೆ ನೋಡಬೇಕು. ಆ ಗುರುವಾರ ಮಧ್ಯಾಹ್ನ ಅಪ್ಪ ಕತ್ತಲಲ್ಲಿ ಆರೂ ರೋಲು ಬಿಚ್ಚಿ ಮೇಜಿನ ಮೇಲಿಟ್ಟು ಊಟಕ್ಕೆ ಮೇಲೆ ಹೋದರಂತೆ. ಬೀಗ ಹಾಕು ಎಂದು ನನಗೆ ಹೇಳಿದ್ದರಂತೆ. ನಾನು ಹಾಗೇ ಬಿಟ್ಟು ಹೊರಟುಹೋದೆನಂತೆ. ಬಾಗಿಲು ತಾನಾಗಿ ತೆರೆದುಕೊಂಡಿತಂತೆ. ಸಂಜೆ ನಾನು ಮನೆಗೆ ಬಂದಾಗ ಡಾಕ್ಟರು, ಅವರ ಹೆಂಡತಿ, ಅಮ್ಮ, ಎಲ್ಲರೂ ಸ್ಟುಡಿಯೋದಲ್ಲಿ ನಿಂತಿದ್ದರು. ಅಪ್ಪ ನನ್ನ ಕಡೆ ಕೈ ತೋರಿಸಿದರು. ಮಾರನೆಯ ವಾರ ನನ್ನನ್ನು ಈ ಪ್ರೆಸ್ಸಿಗೆ ಸೇರಿಸಿದರು. ಕತ್ತಲಲ್ಲಿ ಕೆಲಸ ಮಾಡಲು ನನ್ನಂಥ ಬೆರಳು ಯಾರಿಗೂ ಇಲ್ಲ ಎನ್ನುತ್ತಿದ್ದ ಮನುಷ್ಯ ಮತ್ತೆ ಒಂದು ದಿನವೂ ನನ್ನನ್ನು ಆ ಬಾಗಿಲ ಹತ್ತಿರ ಸೇರಿಸಲಿಲ್ಲ.

ಇವತ್ತಿಗೂ ನೆಂಟರ ಮನೆಯಲ್ಲಿ ನಾನು ಕೊನೆಯವಳಾಗಿ ಹೊರಬಂದರೆ ಯಾರಾದರೊಬ್ಬರು ಹಿಂದಿರುಗಿ ಬೀಗ ಎಳೆದು ನೋಡುತ್ತಾರೆ. ಚಿಕ್ಕಪ್ಪನ ಮೊಮ್ಮಗಳು ಸಹ. ಆ ಮಗುವಿಗೆ ಆರು ವರ್ಷ. ಮನೆಯೊಳಗಿನ ಈ ತಮಾಷೆಯನ್ನು ನಾನು ಹಲ್ಲು ಕಚ್ಚಿಕೊಂಡು ಸಹಿಸಿದ್ದೇನೆ. ಅಚ್ಚಾಗಿ ಅಂಗಡಿಗೆ ಹೋದರೆ ಸಹಿಸುವುದಿಲ್ಲ. ಅವತ್ತು ನಾನು ಬೀಗ ಹಾಕಿದ್ದೆ. ಮೂರು ಸಲ ಎಳೆದು ನೋಡಿದ್ದೆ.

ಈಗ ನನ್ನ ಅನುಮಾನ ಕೇಳು. ‘ನಾನು’ ಹೇಳುವ ಕಥೆಯಲ್ಲಿ ‘ನಾನು’ ನೋಡದ್ದು, ಕೇಳದ್ದು ಬರಬಾರದು; ಬಂದರೆ ಯಾರೋ ಹೇಳಿರಬೇಕು. ಹಾಳೆಯ ಅಂಚಿನಲ್ಲಿ ‘ಇವಳಿಗೆ ಹೇಗೆ ಗೊತ್ತು?’ ಎಂದು ಬರೆದು ಬರೆದು ನನ್ನ ಬೆರಳು ಸವೆದಿದೆ. ನೀನು ‘ನಾನು’ವನ್ನು ಟ್ಯೂಷನ್ನಿಗೆ ಕಳಿಸಿದ್ದೀಯ, ಹಳೆಯ ಪ್ರತಿಯ ಮೂರು ಪ್ಯಾರಾ ಹೊಡೆದು ಹಾಕಿದ್ದೀಯ. ಆದರೆ ಪುಟ ೧೪೩ರಲ್ಲಿ ಒಂದು ಸಾಲು ನಿನ್ನ ಕೈ ತಪ್ಪಿ ಉಳಿದಿದೆ: ‘ಆ ಕೋಣೆಯಲ್ಲಿ ಧೂಳು ಸುಟ್ಟ ವಾಸನೆ ಇತ್ತು.’

ಯಾವ ಧೂಳು? ಹೊರಗಿನ ಬೆಳಕು ಒಳಗೆ ಬಂದರೆ ಏನೂ ಸುಡುವುದಿಲ್ಲ. ಆ ಕೋಣೆಯಲ್ಲಿ ಸುಡುವಂಥ ಧೂಳು ಇದ್ದದ್ದು ಒಂದೇ ಕಡೆ, ಮೇಲಿನ ಬಿಳಿ ಬಲ್ಬಿನ ಮೇಲೆ. ಅಪ್ಪ ಅದನ್ನು ಹಾಕಲು ಬಿಡುತ್ತಿರಲಿಲ್ಲ. ಫೋಟೋ ತೊಳೆಯಲು ಕೆಂಪು ಬಲ್ಬು, ಕಸ ಗುಡಿಸಲು ತೆರೆದ ಬಾಗಿಲು, ಅಷ್ಟೇ. ವರ್ಷಗಟ್ಟಲೆ ಧೂಳು ಕೂತ ಬಲ್ಬು ಹೊತ್ತಿದಾಗ ಬರುವ ವಾಸನೆ ಅದು. ಟ್ಯೂಷನ್ನಿನಲ್ಲಿ ಕೂತ ಹುಡುಗಿಯ ಮೂಗಿಗೆ ಅದು ಹೇಗೆ ಬಡಿಯಿತು?

ಇಪ್ಪತ್ತೆರಡನೇ ತಾರೀಖು ಶನಿವಾರ ಪ್ರಿಂಟ್ ಆರ್ಡರಿಗೆ ನನ್ನ ಸಹಿ ಬೀಳಬೇಕು. ನನ್ನ ಸಹಿ ಇಲ್ಲದೆ ಈ ಪ್ರೆಸ್ಸಿನಲ್ಲಿ ಒಂದು ಕರೆಯೋಲೆಯೂ ಅಚ್ಚಾಗುವುದಿಲ್ಲ. ಅಷ್ಟರೊಳಗೆ ಬರೆ: ನಿನ್ನ ‘ನಾನು’ ಆಗ ಎಲ್ಲಿದ್ದಳು?

ನಿನ್ನ,
ಬೇಜವಾಬ್ದಾರಿ ಹೆಂಗಸು

ತಾ. ಕ.: ಕಾದಂಬರಿ ಚೆನ್ನಾಗಿದೆ. ಅದು ಬೇರೆ ವಿಷಯ.

—

ತಾರೀಖು ೯, ಭಾನುವಾರ
ಮನೆಯಿಂದ

ಅಕ್ಕನಿಗೆ ಅನೇಕ ಅಪ್ಪುಗೆಗಳು.

ನಿನ್ನ ಕಾಗದ ಒಡೆದಾಗ ಪೊಲೀಸು ಸ್ಟೇಷನ್ನಿನಿಂದ ಬಂದಿದೆಯೇನೋ ಅಂದುಕೊಂಡೆ. ನಿಮ್ಮ ಭಾವ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದರು, ಏನಂತೆ ಎಂದರು. ಅಕ್ಕ ಒಂದು ಬಲ್ಬಿನ ಬಗ್ಗೆ ವಿಚಾರಿಸಿದ್ದಾಳೆ ಎಂದೆ. ನಿಮ್ಮ ಮನೆಯವರೆಲ್ಲ ಹೀಗೇ ಎಂದು ಪೇಪರಿನೊಳಗೆ ತಲೆ ಹಾಕಿದರು. ಅರೆ, ‘ನಿಮ್ಮ ಭಾವ’ ಎಂದು ಬರೆದೆನಲ್ಲ, ಅವರು ನಿನಗೆ ಭಾವ ಹೇಗಾಗುತ್ತಾರೆ! ನೋಡು, ನಿನಗೆ ಕಾಗದ ಬರೆಯುವಾಗ ನನ್ನ ತಲೆ ಹೀಗೆ ಓಡುತ್ತದೆ. ತಿದ್ದುವುದಿಲ್ಲ, ತಿದ್ದಿದರೆ ಅದಕ್ಕೂ ಅನುಮಾನ ಪಡುತ್ತೀಯ.

ಅಕ್ಕ, ಕಾದಂಬರಿ ಎಂದ ಮೇಲೆ ಒಂದು ವಾಸನೆ ಎಲ್ಲಿಂದಲೋ ಬರುತ್ತದೆ. ನಮ್ಮ ಶಾಲೆಯ ಲ್ಯಾಬಿನಲ್ಲಿ ಹಳೆಯ ಪ್ರೊಜೆಕ್ಟರು ಹಾಕಿದಾಗ ಆ ವಾಸನೆ ಬಂತು, ಅಲ್ಲಿಂದ ಎತ್ತಿ ಇಲ್ಲಿ ಇಟ್ಟೆ. ಇಷ್ಟಕ್ಕೆ ನೀನು ಇಪ್ಪತ್ತೆಂಟು ವರ್ಷದ ಹಿಂದಿನ ಗುರುವಾರವನ್ನು ಎಳೆದು ತರಬೇಕೇ? ಇನ್ನು ಆ ಬೀಗದ ಸಾಲು. ಪ್ರಕಾಶಕರು ಮೊದಲನೆಯ ಪ್ರತಿ ಓದಿ, ಕಥೆ ಹೇಳುವವಳೇ ಇಷ್ಟು ದೊಡ್ಡ ತಪ್ಪು ಮುಚ್ಚಿಟ್ಟರೆ ಮುಂದೆ ಓದುಗರು ಅವಳ ಒಂದು ಮಾತನ್ನೂ ನಂಬುವುದಿಲ್ಲ, ಬೇರೆ ದಾರಿ ನೋಡಿ ಎಂದರು. ಕೂತು ಯೋಚಿಸಿದೆ. ಬೇರೆ ದಾರಿ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದದ್ದು ಕೈಗೆ ಸಿಕ್ಕಿತು. ಯೋಚನೆ ಮಾಡದೆ ಬರೆದೆ. ನಿನ್ನ ಎದುರು ಕೂತವರು ಅದನ್ನು ಗಟ್ಟಿಯಾಗಿ ಓದುತ್ತಾರೆ, ನೀನು ಪೆನ್ಸಿಲ್ ಹಿಡಿದು ಕೇಳುತ್ತೀಯ ಎಂಬುದು ಹೊಳೆಯಲೇ ಇಲ್ಲ. ಇದಕ್ಕೆ ಮಾತ್ರ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಂಡಿದ್ದೇನೆ.

ಆ ಸಾಲು ತೆಗೆಯುತ್ತೇನೆ. ‘ಯಾರು ಮರೆತರೋ ಗೊತ್ತಿಲ್ಲ’ ಎಂದು ಹಾಕು. ವಾಸನೆಯ ಸಾಲನ್ನೂ ಹೊಡೆದುಹಾಕು. ಎರಡು ಗೆರೆ ಎಳೆದರೆ ಮುಗಿಯಿತಲ್ಲ. ಬರುವ ತಿಂಗಳು ಮಕ್ಕಳಿಗೆ ರಜೆ, ನಾವೆಲ್ಲ ಬರುತ್ತೇವೆ. ನಿನ್ನ ಆ ಅಲ್ಪವಿರಾಮರನ್ನು ನೋಡಬೇಕು.

ನಿನ್ನ,
ಚಿನಕುರಳಿ

ತಾ. ಕ.: ನೀನು ಬಿಡುವವಳಲ್ಲ ಎಂದು ಗೊತ್ತು. ಸರಿ. ಮೊದಲನೆಯ ಪ್ರತಿಯಲ್ಲಿ ಇದ್ದದ್ದೇ ನಿಜ. ನಾನೇ ಬಾಗಿಲು ತೆರೆದದ್ದು, ಬಿಳಿ ಬಲ್ಬನ್ನೂ ನಾನೇ ಹಾಕಿದ್ದು. ಚಿಕ್ಕವಳಿದ್ದೆ, ಹೆದರಿದೆ. ಕ್ಷಮಿಸಿಬಿಡು, ಇನ್ನು ಈ ವಿಷಯ ಎತ್ತಬೇಡ.

—

ತಾರೀಖು ೧೨, ಬುಧವಾರ

ಚಿನಕುರಳಿ,

ಮೂವತ್ತೊಂಬತ್ತು ವರ್ಷವಾದರೂ ನಿನಗೆ ಸುಳ್ಳು ಹೇಳಲು ಬರುವುದಿಲ್ಲವಲ್ಲ! ಎರಡು ಪುಟ ಅಡ್ಡಗೋಡೆಯ ಮೇಲೆ ದೀಪವಿಟ್ಟು, ಸಹಿ ಹಾಕಿ ಮುಗಿಸಿ, ಕೊನೆಯ ಮೂರು ಸಾಲಿನಲ್ಲಿ ತಪ್ಪೊಪ್ಪಿಗೆ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೂಗಿ ಹೇಳಿದ ಹಾಗೆ. ಓದಿದ ಕೂಡಲೇ ಅಳು ಬಂತು, ಸುಳ್ಳೇಕೆ ಹೇಳಲಿ. ಪಾಪ, ಇಷ್ಟು ವರ್ಷ ಈ ಹುಡುಗಿ ಹೊಟ್ಟೆಯಲ್ಲಿಟ್ಟುಕೊಂಡು ಬೆಂದಿದ್ದಾಳೆ ಎಂದು. ಮುಖ ತೊಳೆದುಕೊಂಡು ಬಂದು ಎರಡನೆಯ ಸಲ ಓದಿದೆ. ಎರಡನೆಯ ಸಲ ಓದುವುದಕ್ಕೇ ನನಗೆ ಸಂಬಳ.

ಬಿಳಿ ಬಲ್ಬಿನ ಸ್ವಿಚ್ಚು ಎಲ್ಲಿತ್ತು? ಮರೆತಿರಬೇಕು. ಬಾಗಿಲ ಚೌಕಟ್ಟಿಗಿಂತ ಒಂದು ಗೇಣು ಮೇಲೆ. ಕತ್ತಲಲ್ಲಿ ಯಾರ ಕೈಯೂ ತಪ್ಪಿ ತಗುಲಬಾರದು ಎಂದು ಅಪ್ಪ ಎಲೆಕ್ಟ್ರಿಶಿಯನ್ ಜೊತೆ ಜಗಳವಾಡಿ ಅಲ್ಲಿ ಹಾಕಿಸಿದ್ದರು. ಅವರು ಆರಡಿಯ ಆಳು, ಕೈ ಎತ್ತಿದರೆ ಸಿಗುತ್ತಿತ್ತು. ನಾನು ಸ್ಟೂಲು ಹತ್ತಬೇಕಿತ್ತು. ಆ ಕಬ್ಬಿಣದ ಸ್ಟೂಲು ಇರುತ್ತಿದ್ದದ್ದು ಮುಂದಿನ ಕೋಣೆಯಲ್ಲಿ, ಫೋಟೋಗೆ ಕೂರುವವರಿಗಾಗಿ. ಅದನ್ನು ಎಳೆಯಲು ನನಗೇ ಏದುಸಿರು ಬರುತ್ತಿತ್ತು. ನೀನು ಹನ್ನೊಂದು ವರ್ಷದ ಕಡ್ಡಿ ಪೈಲ್ವಾನ್. ಪೆನ್ನು ಹುಡುಕಲು ಸ್ಟೂಲು ಎಳೆದು ತಂದೆಯಾ?

ಇನ್ನೊಂದು. ಆ ಬೀಗಕ್ಕೆ ಎರಡೇ ಕೀಲಿ. ಒಂದು ಅಪ್ಪನ ಜೇಬಿನಲ್ಲಿ, ಒಂದು ನನ್ನ ಕೊರಳಲ್ಲಿ ದಾರಕ್ಕೆ ಕಟ್ಟಿಕೊಂಡು. ಅವತ್ತು ಸಂಜೆಯವರೆಗೂ ನನ್ನದು ನನ್ನ ಕೊರಳಲ್ಲೇ ಇತ್ತು. ನಿನಗೆ ಬಾಗಿಲು ಹೇಗೆ ತೆರೆಯಿತು? ನಾನು ಮರೆತಿದ್ದರಿಂದ ತೆರೆಯಿತು ಎನ್ನುತ್ತೀಯಾದರೆ ನೇರವಾಗಿ ಹೇಳು, ಬೈಯುವುದಿಲ್ಲ.

ನಿನ್ನನ್ನು ನೀನೇ ಸಿಕ್ಕಿಸಿಕೊಂಡು ಯಾರನ್ನೋ ಬಿಡಿಸುತ್ತಿದ್ದೀಯ. ನನ್ನನ್ನಲ್ಲ. ನನ್ನನ್ನು ಬಿಡಿಸಬೇಕಿದ್ದರೆ ಇಪ್ಪತ್ತೆಂಟು ವರ್ಷ ಸಮಯವಿತ್ತು. ಮದುವೆಯ ಮನೆಗಳಲ್ಲಿ ನೆಂಟರು ಬೀಗದ ತಮಾಷೆ ಮಾಡಿದಾಗ ನೀನು ಅವರ ಜೊತೆ ನಕ್ಕಿದ್ದೀಯ, ನನಗೆ ನೆನಪಿದೆ. ಬಿಚ್ಚಿದ ರೋಲುಗಳನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಊಟಕ್ಕೆ ಹೋಗುವ ಮನುಷ್ಯರೇ ನಮ್ಮ ಅಪ್ಪ? ರೋಲು ಡಬ್ಬಿಯಿಂದ ಹೊರಗೆ ಬಂದರೆ ಅದನ್ನು ಕತ್ತಲಲ್ಲೇ ಚಕ್ರಕ್ಕೆ ಸುತ್ತಿ, ತೊಳೆಯುವ ಟ್ಯಾಂಕಿಗೆ ಇಳಿಸಿ, ಮುಚ್ಚಳ ಬಿಗಿಯುವವರೆಗೂ ಅವರು ಉಸಿರನ್ನೂ ಜೋರಾಗಿ ಬಿಡುತ್ತಿರಲಿಲ್ಲ.

ಆ ಕೋಣೆಯಲ್ಲಿ ಯಾರಿದ್ದರು, ಬಲ್ಬು ಯಾರು ಹಾಕಿದರು, ನೀನು ಎಷ್ಟು ಹೊತ್ತಿನಿಂದ ಅಲ್ಲಿದ್ದೆ, ಏನೇನು ನೋಡಿದೆ, ಏನೇನು ಕೇಳಿಸಿಕೊಂಡೆ. ಎಲ್ಲ ಬರೆ. ಒಂದೂ ಬಿಡಬೇಡ.

ಅಕ್ಕ

ತಾ. ಕ.: ಶನಿವಾರಕ್ಕೆ ಹತ್ತು ದಿನವಿದೆ. ಬೇಕಾದರೆ ನಾನು ಕಾದಂಬರಿಯನ್ನೇ ತಡೆಹಿಡಿಯುತ್ತೇನೆ. ಹಾಗೆ ಮಾಡಬೇಕಾಗಿ ಬಂದರೆ ನನಗೂ ಸಂಕಟವೇ.

—

ತಾರೀಖು ೧೭, ಸೋಮವಾರ

ಅಕ್ಕ,

ಈ ಸಲ ನಗಿಸಲು ಕೈಲಾಗುವುದಿಲ್ಲ.

ಅಪ್ಪ ಇರುವವರೆಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಹೋದ ಮೇಲೂ ಹೇಳಬಾರದು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಕಾದಂಬರಿಯಲ್ಲಿ ಹೇಳದೆ ಹೇಳಿಬಿಡಬಹುದು ಎಂದುಕೊಂಡೆ, ಅದೂ ಆಗಲಿಲ್ಲ. ಮೂರು ಸಲ ತಿದ್ದಿ ಮೂರು ಸುಳ್ಳು ಬರೆದೆ.

ಅವತ್ತು ಟ್ಯೂಷನ್ ಟೀಚರಿಗೆ ಜ್ವರ. ಅವರ ಮನೆಯ ಗೇಟಿನಿಂದಲೇ ವಾಪಸು ಬಂದೆ. ಮೂರು ಗಂಟೆ ಇರಬೇಕು. ಅಮ್ಮ ಮೇಲೆ ಮಲಗಿದ್ದರು. ಸ್ಟುಡಿಯೋದ ಶಟರು ಅರ್ಧ ಇಳಿದಿತ್ತು, ಬಗ್ಗಿ ಒಳಗೆ ಹೋದೆ. ಡಾರ್ಕ್‌ರೂಮಿನ ಬಾಗಿಲ ಅಡಿಯಲ್ಲಿ ಕಂಬಳಿಯ ಪಟ್ಟಿ ಇತ್ತಲ್ಲ, ಅದರ ಕೆಳಗಿನಿಂದ ಬೆಳಕಿನ ಗೆರೆ ಬರುತ್ತಿತ್ತು. ಒಳಗಿನಿಂದ ಬೆಳಕು ಬಂದದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ನೂಕಿದೆ. ಒಳಗಿನಿಂದ ಚಿಲಕ ಹಾಕಿರಲಿಲ್ಲ.

ಅಪ್ಪ ನೆಲದ ಮೇಲೆ ಕೂತಿದ್ದರು. ಬಿಳಿ ಬಲ್ಬು ಉರಿಯುತ್ತಿತ್ತು. ಕಾಲ ಸುತ್ತ ಆರೂ ರೋಲು ಬಿಚ್ಚಿಕೊಂಡು ಬಿದ್ದಿದ್ದವು. ಕನ್ನಡಕ ಹಣೆಯ ಮೇಲಿತ್ತು. ಎಡಗೈಯಲ್ಲಿ ಚಕ್ರ ಹಿಡಿದಿದ್ದರು, ಬಲಗೈಯನ್ನು ಎಡಗಡೆಯ ಕಂಕುಳಿನಲ್ಲಿ ಒತ್ತಿ ಹಿಡಿದುಕೊಂಡಿದ್ದರು, ಚಳಿಯಾದವರ ಹಾಗೆ. ನನ್ನನ್ನು ನೋಡಿ, “ಬಾಗಿಲು ಹಾಕು, ಬೆಳಕು ಬರುತ್ತೆ,” ಅಂದರು. ಅಕ್ಕ, ಬಲ್ಬು ಅವರ ತಲೆಯ ಮೇಲೇ ಉರಿಯುತ್ತಿತ್ತು. ನಾನು ಬಾಗಿಲು ಹಾಕಿದೆ.

ಕಂಕುಳಿನಿಂದ ಕೈ ತೆಗೆದು ತೋರಿಸಿದರು. ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು. “ಕೈ ನನ್ನ ಮಾತು ಕೇಳ್ತಿಲ್ಲ ಮಗಾ. ಒಂದ್ ಗಂಟೆಯಿಂದ ಸುತ್ತುತಾ ಇದೀನಿ. ಏನಾಗಿದೆ ಅಂತ ನೋಡೋಣ ಅಂತ ಲೈಟ್ ಹಾಕ್ಬಿಟ್ಟೆ,” ಅಂದರು. ಆಮೇಲೆ ಚಕ್ರವನ್ನು ನೆಲಕ್ಕಿಟ್ಟು ಅತ್ತರು. ಅಪ್ಪ ಅಳುವುದನ್ನು ನೋಡಿದ್ದು ಅದೊಂದೇ ಸಲ. ಎದ್ದು ಮುಖ ಒರೆಸಿಕೊಂಡು, ಬಲ್ಬು ಆರಿಸಿ, ಕತ್ತಲಲ್ಲೇ, “ನೀನು ಟ್ಯೂಷನ್ನಲ್ಲಿದ್ದೆ. ಏನೂ ನೋಡಿಲ್ಲ. ನಾನಿರೋವರೆಗೂ ಯಾರಿಗೂ ಹೇಳ್ಬೇಡ,” ಅಂದರು. ತಲೆಯಾಡಿಸಿದೆ. ಕತ್ತಲಲ್ಲಿ ಕಾಣಲಿಲ್ಲವೆಂದು ಬಾಯಲ್ಲೂ ಹೂಂ ಎಂದೆ.

ಅವರು ನಿನ್ನ ಹೆಸರು ಹೇಳುತ್ತಾರೆ ಎಂದು ಆಗ ನನಗೆ ಗೊತ್ತಿರಲಿಲ್ಲ, ದೇವರಾಣೆ. ಸಂಜೆ ಅವರು ನಿನ್ನ ಕಡೆ ಕೈ ತೋರಿಸಿದಾಗ ನಾನು ಅಮ್ಮನ ಬೆನ್ನ ಹಿಂದೆ ಇದ್ದೆ. ಬಾಯಿ ತೆರೆದೆ. ಅಪ್ಪ ನನ್ನನ್ನು ನೋಡಿದರು. ಗದರುವ ನೋಟವಾಗಿದ್ದರೆ ಹೇಳಿಬಿಡುತ್ತಿದ್ದೆ. ಅದು ಬೇಡಿಕೊಳ್ಳುವ ನೋಟವಾಗಿತ್ತು. ನೀನು ಊಹಿಸಿದ ಹಾಗೆ ನನ್ನದೂ ತಪ್ಪಿದೆ: ನಾನು ಅವರನ್ನು ಉಳಿಸಿಕೊಂಡು ನಿನ್ನನ್ನು ಬಿಟ್ಟುಕೊಟ್ಟೆ. ಬೀಗದ ತಮಾಷೆಗೆ ಎಲ್ಲರಿಗಿಂತ ಜೋರಾಗಿ ನಕ್ಕದ್ದೂ ನಿಜ. ನಾನೊಬ್ಬಳೇ ನಗದಿದ್ದರೆ ಎಲ್ಲರೂ ನನ್ನ ಮುಖ ನೋಡುತ್ತಾರಲ್ಲ, ಅದಕ್ಕೆ.

ಇಷ್ಟು ಬರೆದ ಮೇಲೆ ನನ್ನದೂ ಒಂದು ಪ್ರಶ್ನೆ. ನನಗೂ ಅನುಮಾನ ಪಡಲು ಬರುತ್ತದೆ, ನಿನ್ನ ತಂಗಿ ತಾನೇ. ನೀನು ಅಲ್ಪವಿರಾಮಕ್ಕೂ ಜಗಳವಾಡುವವಳು. ಆ ಸಂಜೆ ಅಷ್ಟು ಜನರ ಎದುರು ಅಪ್ಪ ನಿನ್ನ ಮೇಲೆ ಹೊರಿಸಿದಾಗ ‘ನಾನು ಬೀಗ ಹಾಕಿದ್ದೆ’ ಎಂಬ ಮೂರು ಮಾತು ನಿನ್ನ ಬಾಯಿಂದ ಬರಲಿಲ್ಲ. ಅವರು ಕೇಳುವ ಮೊದಲೇ ನೀನು ಕೊರಳಿನಿಂದ ಕೀಲಿ ತೆಗೆದು ಅವರ ಕೈಗೆ ಇಟ್ಟೆ. ನಾನು ಅಮ್ಮನ ಹಿಂದಿನಿಂದ ನೋಡುತ್ತಿದ್ದೆ. ತಪ್ಪು ಮಾಡದವರು ಅಷ್ಟು ಬೇಗ ಕೀಲಿ ಕೊಡುವುದಿಲ್ಲ. ಈಗ ಕಾಗದದಲ್ಲಿ ‘ಏನೇನು ಕೇಳಿಸಿಕೊಂಡೆ’ ಎಂದು ಬೇರೆ ವಿಚಾರಿಸಿದ್ದೀಯ. ಕೇಳಿಸಿಕೊಳ್ಳಲು ಏನಿತ್ತು ಅಕ್ಕ?

ನಿನ್ನ,
ತಂಗಿ

ತಾ. ಕ.: ಕಾದಂಬರಿ ತಡೆಹಿಡಿಯುವುದಾದರೆ ತಡೆಹಿಡಿ. ಬೇಜಾರಿಲ್ಲ.

—

ತಾರೀಖು ೨೦, ಗುರುವಾರ
ಪ್ರೆಸ್ಸಿನಿಂದ

ನನ್ನ ಚಿನಕುರಳಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಒಂದು ಸಲ ಕೂಡ ಪೆನ್ಸಿಲ್ ಹಿಡಿದು ಓದಲಿಲ್ಲ. ‘ಬಾಗಿಲು ಹಾಕು, ಬೆಳಕು ಬರುತ್ತೆ’ ಎಂಬಲ್ಲಿ ಪ್ರತಿ ಸಲವೂ ನಿಲ್ಲಬೇಕಾಯಿತು. ಹನ್ನೊಂದು ವರ್ಷದ ಮಗು ಆ ಕೋಣೆಯಲ್ಲಿ ಅಷ್ಟನ್ನು ನೋಡಿಕೊಂಡು ನಿಂತಿತ್ತು, ನಾನು ಅವಳು ನಕ್ಕದ್ದರ ಲೆಕ್ಕ ಇಟ್ಟುಕೊಂಡು ಕೂತಿದ್ದೆ. ನಿನ್ನನ್ನು ಹಿಡಿದು ಕೂರಿಸಿ ವಿಚಾರಿಸಿದ್ದಕ್ಕೆ ಕ್ಷಮಿಸು. ನೀನು ಯಾರನ್ನೂ ಬಿಟ್ಟುಕೊಟ್ಟಿಲ್ಲ. ಅಪ್ಪ ಕೇಳಿದರು, ನೀನು ಮಾತು ಉಳಿಸಿಕೊಂಡೆ. ಅಷ್ಟೇ ನಡೆದದ್ದು.

ನಿನ್ನ ಪ್ರಶ್ನೆಗೆ ಉತ್ತರ ದೊಡ್ಡದೇನಲ್ಲ. ಹದಿನೇಳರ ಹುಡುಗಿ, ಅಷ್ಟು ಜನರ ಎದುರು, ಅಪ್ಪನ ಮುಂದೆ ಬಾಯಿ ಹೊರಡಲಿಲ್ಲ. ಹೆದರಿಕೆಗೆ ಕೀಲಿಯನ್ನೂ ಕೊಟ್ಟುಬಿಟ್ಟೆ. ಅದನ್ನು ಕೆದಕಬೇಡ.

ಈಗ ಕೆಲಸದ ವಿಷಯ. ಆ ಎರಡೂ ಸಾಲುಗಳನ್ನು ಹೊಡೆದಿದ್ದೇನೆ, ಬೀಗದ್ದನ್ನೂ ವಾಸನೆಯದ್ದನ್ನೂ. ಅಪ್ಪನ ಕೈಯ ವಿಷಯ ಎಲ್ಲಿಯೂ ಬರುವುದು ಬೇಡ. ಅವರು ಆಮೇಲೆ ದೊಡ್ಡ ಕೆಲಸ ಒಪ್ಪಿಕೊಳ್ಳದೆ, ಹಳೆಯ ಫೋಟೋಗಳಿಗೆ ಕಟ್ಟು ಹಾಕಿಕೊಂಡು ಎರಡು ವರ್ಷ ದೂಡಿ ಸ್ಟುಡಿಯೋ ಮುಚ್ಚಿದ್ದು ಯಾಕೆಂದು ನಮ್ಮಿಬ್ಬರಿಗೆ ಗೊತ್ತಿದ್ದರೆ ಸಾಕು. ಕಾದಂಬರಿಯಲ್ಲಿ ರೋಲುಗಳು ಕಪ್ಪಾಗಲಿ, ಯಾಕೆಂದು ‘ನಾನು’ಗೆ ಗೊತ್ತಾಗದೆ ಹೋಗಲಿ. ಶನಿವಾರ ಸಹಿ ಹಾಕುತ್ತೇನೆ. ಮಕ್ಕಳ ಜೊತೆ ಬಾ. ಮನೆಗೆ ಬೀಗ ಹಾಕುವ ಕೆಲಸ ನನ್ನದು, ಯಾರೂ ಎಳೆದು ನೋಡುವ ಹಾಗಿಲ್ಲ.

ನಿನ್ನ ಪ್ರೀತಿಯ,
ಅಕ್ಕ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿರುವುದು ಅದಕ್ಕೆ. ನಿನ್ನ ಪ್ರಶ್ನೆಗೆ ಮೇಲೆ ಬರೆದ ಉತ್ತರ ಸುಳ್ಳು.

ಅಪ್ಪನ ಕೈ ನಡುಗುವುದು ನನಗೆ ಗೊತ್ತಿತ್ತು. ಆ ಗುರುವಾರಕ್ಕೂ ಎಂಟು ತಿಂಗಳ ಹಿಂದಿನಿಂದ ಆ ಸ್ಟುಡಿಯೋದ ಒಂದೊಂದು ರೋಲನ್ನೂ ಚಕ್ರಕ್ಕೆ ಸುತ್ತಿದವಳು ನಾನು. ಇಬ್ಬರೂ ಒಳಗೆ ಹೋಗುತ್ತಿದ್ದೆವು, ಕತ್ತಲಲ್ಲಿ ನಾನು ಸುತ್ತುತ್ತಿದ್ದೆ, ಅವರು ಪಕ್ಕದಲ್ಲಿ ನಿಂತಿರುತ್ತಿದ್ದರು. ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ಹಿಂದಿನ ದಿನ, ಬುಧವಾರ, ಡಾಕ್ಟರು ಸ್ಟುಡಿಯೋದಲ್ಲಿ ಹಳೆಯ ಫೋಟೋಗಳನ್ನು ಹೊಗಳುತ್ತಾ ಕೂತಿದ್ದರು. ಅಪ್ಪ ಎಲ್ಲ ಈ ಕೈಯದು ಎಂದರು. ಹಾಗಾದರೆ ಮಗಳು ಏನು ಮಾಡುತ್ತಾಳೆ ಎಂದು ಡಾಕ್ಟರು ಕೇಳಿದರು. “ಇವಳಾ? ನೀರು ತುಂಬಿಸಿ ಕೊಡ್ತಾಳೆ,” ಅಂದರು. ನಾನು ಅಲ್ಲೇ ನಿಂತಿದ್ದೆ.

ಗುರುವಾರ ಮಧ್ಯಾಹ್ನ ಆರು ರೋಲು ಸುತ್ತಿಕೊಡು ಎಂದರು. ಎಲ್ಲ ಆ ಕೈಯದು ತಾನೇ, ಆ ಕೈಯೇ ಸುತ್ತಲಿ ಎಂದೆ. ರೋಲುಗಳು ಆಗ ಡಬ್ಬಿಯಲ್ಲೇ ಇದ್ದವು. ಅವರ ಎದುರಿಗೇ ಬಾಗಿಲಿಗೆ ಬೀಗ ಹಾಕಿದೆ, ಮೂರು ಸಲ ಎಳೆದದ್ದು ಸಿಟ್ಟಿಗೆ. ಸಂಜೆ ಅವರು ಬೀಗದ ಕಥೆ ಕಟ್ಟಿದಾಗ ಅದು ಸುಳ್ಳೆಂದು ನನಗೆ ತಕ್ಷಣ ಗೊತ್ತಾಯಿತು. ಬಾಯಿ ತೆರೆದರೆ ಅವರ ಕೈಯ ವಿಷಯ ಬರುತ್ತಿತ್ತು, ಅದರ ಹಿಂದೆಯೇ ನಾನು ಮಾಡಿದ್ದೂ ಬರುತ್ತಿತ್ತು. ಅದಕ್ಕೇ ಕೀಲಿ ಕೊಟ್ಟೆ. ನೀನು ಆ ಮಧ್ಯಾಹ್ನ ಮೆಟ್ಟಿಲ ಬಳಿ ನಿಂತು ನನ್ನ ಮಾತು ಕೇಳಿಸಿಕೊಂಡಿದ್ದೀಯೇನೋ ಎಂಬ ಅನುಮಾನ ನನಗೆ ಇಪ್ಪತ್ತೆಂಟು ವರ್ಷದ್ದು. ನಿನ್ನ ಪ್ರತಿಗಳನ್ನು ಹುಡುಕಿ ಹುಡುಕಿ ಓದಿದ್ದು ಅದಕ್ಕೆ. ಬಲ್ಬಿನ ವಾಸನೆ ನೆಪ.

ಶನಿವಾರ ಸಹಿ ಹಾಕುವುದಿಲ್ಲ. ಮಾಲೀಕರ ಹತ್ತಿರ ಒಂದು ವಾರ ಕೇಳಿಕೊಂಡಿದ್ದೇನೆ. ಪುಟ ೧೪೩ರಲ್ಲಿ ಜಾಗ ಬಿಟ್ಟಿದ್ದೇನೆ. ಅಪ್ಪನದ್ದೂ ಬರೆ, ನನ್ನದೂ ಬರೆ. ‘ನಾನು’ಗೆ ಇದು ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ ಅಕ್ಕ ಹೇಳಿದಳು ಎಂದು ಬರೆ.

ಇನ್ನೂ ಒಂದು ಉಳಿದಿದೆ. ಬೀಗ ಹಾಕಿ ನಾನು ಹೊರಟಾಗ ಅಪ್ಪ ಬೀದಿಯ ತಿರುವಿನವರೆಗೂ ಬರಿಗಾಲಲ್ಲಿ ಹಿಂದೆ ಬಂದರು. “ಇದೊಂದ್ ಸಲ ಸುತ್ತಿಕೊಡು ಮಗಾ, ನಾಳೆ ಡಾಕ್ಟ್ರ ಎದುರಿಗೇ ನಿನ್ನ ಹೆಸರು ಹೇಳ್ತೀನಿ,” ಅಂದರು. ನನಗೆ ಅಷ್ಟೂ ಕೇಳಿಸಿತು. ಕೇಳಿಸದವಳ ಹಾಗೆ ನಡೆದುಬಿಟ್ಟೆ.